ಪ್ರತಿಕ್ರಿಯೆ: ಮೌಸ್ ಮುಟ್ಟದೆ ಕಂಪ್ಯೂಟರ್

ಮಣಿಕಟ್ಟು ನೋವಿರುವ ನಿಮ್ಮ ತಂದೆಯವರು ದನಿಯಿಂದಲೋ ಕೈಸನ್ನೆಯಿಂದಲೋ ಕಂಪ್ಯೂಟರ್ ನಡೆಸಬಹುದಾ ಅಂತ ಕೇಳಿದ್ದೀರಿ. ದನಿಯಿಂದ ಖಂಡಿತ ಆಗುತ್ತದೆ. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ, ಆಕ್ಸೆಸಿಬಿಲಿಟಿ ಒಳಗೆ 'ವಾಯ್ಸ್ ಆಕ್ಸೆಸ್' ಇದೆ. ಅದನ್ನು ಆನ್ ಮಾಡಿ 'ಶೋ ನಂಬರ್ಸ್' ಎಂದು ಹೇಳಿದರೆ ಪರದೆಯ ಬಟನ್‌ಗಳ ಮೇಲೆಲ್ಲ ಅಂಕಿ ಮೂಡುತ್ತದೆ. ಬೇಕಾದ ಅಂಕಿ ಹೇಳಿದರೆ ಕ್ಲಿಕ್ ಆಯಿತು. ಆದರೆ ಅದಕ್ಕೆ ಕನ್ನಡ ತಿಳಿಯದು, ಇಂಗ್ಲಿಷಿನಲ್ಲಿ ಹೇಳಬೇಕು. ಕನ್ನಡದಲ್ಲಿ ಪತ್ರ ಬರೆಸಲು ಗೂಗಲ್ ಡಾಕ್ಸ್‌ನ ವಾಯ್ಸ್ ಟೈಪಿಂಗ್ ಬಳಸಿ.

ಒಳ್ಳೆ ಹೆಡ್‌ಸೆಟ್ ತಗೊಳ್ಳಿ. ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಮನೆ ರೈಲು ಹಳಿ ಪಕ್ಕ. ಲೋಕಲ್ ಹೋದಾಗಲೆಲ್ಲ ಲ್ಯಾಪ್‌ಟಾಪ್ ಏನೇನೋ ಬರೆದುಕೊಳ್ಳುತ್ತಿತ್ತು!

ಕೈಸನ್ನೆ? ಗೂಗಲ್‌ನ ಮೀಡಿಯಾಪೈಪ್ ಎಂಬ ಸಾಫ್ಟ್‌ವೇರ್ ಸಾದಾ ವೆಬ್‌ಕ್ಯಾಮ್‌ನಿಂದಲೇ ಕೈಯ 21 ಬಿಂದು ಗುರುತಿಸುತ್ತದೆ. ಆದರೆ ಅದಕ್ಕೆ ಪ್ರೋಗ್ರಾಂ ಬರೆಯಬೇಕು. ಮೇಲಾಗಿ ಕೈ ಎತ್ತಿಕೊಂಡೇ ಇದ್ದರೆ ಭುಜವೂ ನೋಯುತ್ತದೆ, ಅಲ್ವಾ? ನಾನಾದರೆ ಅದನ್ನು ಬಿಡುತ್ತಿದ್ದೆ.