ಓಡುವ ಹಡಗಿನ ಮೇಲೆ ಪುಟ್ಟ ವಿಮಾನ

ಪ್ರಶ್ನೆ: ಚಲಿಸುತ್ತಿರುವ ಹಡಗಿನ ಮೇಲೆ, ಅದಕ್ಕಾಗಿ ರೂಪಿಸದ ಸಣ್ಣ ವಿಮಾನವನ್ನು ಇಳಿಸಲು ಸಾಧ್ಯವೇ? ಹಡಗು ನಿಂತಿದ್ದರೆ ಸುಲಭವಲ್ಲವೇ?

ಉತ್ತರ: ಸಾಧ್ಯ, ಆದರೆ ಹಡಗು ನಿಂತಿದ್ದರೆ ಕಷ್ಟವೇ ಹೆಚ್ಚು. ಗಾಳಿಗೆ ಎದುರಾಗಿ ವೇಗವಾಗಿ ಸಾಗುವ ಹಡಗಿನ ಡೆಕ್ಕಿಗೆ ಹೋಲಿಸಿದಾಗ ವಿಮಾನದ ವೇಗವು ಹಡಗಿನ ವೇಗದಷ್ಟೂ ಎದುರುಗಾಳಿಯಷ್ಟೂ ತಗ್ಗುವುದರಿಂದ, ಅದು ಅಲ್ಪ ದೂರದಲ್ಲೇ ನಿಲ್ಲುತ್ತದೆ.

1975ರ ಏಪ್ರಿಲ್ ಕೊನೆಯಲ್ಲಿ ದಕ್ಷಿಣ ವಿಯೆಟ್ನಾಂ ರಾಜಧಾನಿ ಸೈಗಾನ್ ಪತನವಾಗುತ್ತಿದ್ದಾಗ, ಆ ದೇಶದ ವಾಯುಪಡೆಯ ಮೇಜರ್ ಬುವಾಂಗ್ ಲೀ, ಎರಡೇ ಆಸನಗಳ ಸೆಸ್ನಾ ಬರ್ಡ್ ಡಾಗ್‌ನಲ್ಲಿ ಹೆಂಡತಿಯನ್ನೂ ಐವರು ಮಕ್ಕಳನ್ನೂ ಕೂರಿಸಿಕೊಂಡು ಕಾನ್ ಸಾನ್ ದ್ವೀಪದಿಂದ ಹೊರಟು, ಅಮೆರಿಕದ ವಿಮಾನವಾಹಕ ನೌಕೆ ಮಿಡ್‌ವೇಯನ್ನು ಕಂಡರು. ರೇಡಿಯೊ ಸಂಪರ್ಕ ಸಿಗದೆ ಇಳಿಯಲು ಜಾಗ ಕೇಳಿ ಚೀಟಿ ಬರೆದು ಎಸೆದರು. ಮೊದಲಿನವು ಸಮುದ್ರಪಾಲಾದವು, ಕೊನೆಯದು ಡೆಕ್ಕಿಗೆ ಬಿತ್ತು. ಜಾಗ ಮಾಡಿಕೊಡಲು ಕ್ಯಾಪ್ಟನ್ ಲಾರೆನ್ಸ್ ಚೇಂಬರ್ಸ್ ಡೆಕ್ಕಿನಲ್ಲಿದ್ದ ಹೆಲಿಕಾಪ್ಟರ್‌ಗಳನ್ನು ಕಡಲಿಗೆ ತಳ್ಳಿಸಿ (ಬೆಲೆಬಾಳುವ ಸರಕು, ಮೇಲಧಿಕಾರಿಗಳಿಗೆ ಉತ್ತರ ಹೇಳಬೇಕಾದವರು ಅವರೇ!), ನೌಕೆಯನ್ನು ಸುಮಾರು 25 ನಾಟ್, ಅಂದರೆ ಗಂಟೆಗೆ 46 ಕಿ.ಮೀ. ವೇಗದಲ್ಲಿ ಓಡಿಸಿದರು. ಸಾಗುವ ನೌಕೆಯ ಹಿಂಬದಿಯಲ್ಲಿ ಗಾಳಿ ಕೆಳಮುಖವಾಗಿ ಸುಳಿಯುವುದು ದೊಡ್ಡ ಅಪಾಯ. ಇಳಿದ ವಿಮಾನವನ್ನು ತಡೆದು ನಿಲ್ಲಿಸಲು ಡೆಕ್ಕಿಗೆ ಅಡ್ಡಲಾಗಿ ಕಟ್ಟುವ ತಂತಿಗೆ ಸಿಕ್ಕಿಕೊಳ್ಳುವ ಕೊಕ್ಕೆಯೂ ಇಲ್ಲದ ಆ ವಿಮಾನ ಒಮ್ಮೆ ಪುಟಿದು, ಡೆಕ್ಕಿನ ಉದ್ದ ಇನ್ನೂ ಮಿಕ್ಕಿರುವಂತೆಯೇ ನಿಂತಿತು.