ಟಾನ್ಸಿಲ್ ಆಪರೇಷನ್ ಆದ ಐದನೇ ದಿನ ಮತ್ತೆ ನೋವು

ತಂಗಿಗೆ ಹಾಸನದಲ್ಲಿ ಟಾನ್ಸಿಲ್ ತೆಗೆಸಿ ಐದು ದಿನವಾಯಿತು, ಇಳಿದಿದ್ದ ನೋವು ಮತ್ತೆ ಏರಿದೆ, ಗಂಟಲಲ್ಲಿ ಬಿಳಿ ಪದರ ಕಾಣುತ್ತಿದೆ, ಕೀವಾಗಿದೆಯಾ ಅಂತ ಕೇಳಿದ್ದೀರಿ. ಹೆದರಬೇಡಿ. ಅದು ಸಾಮಾನ್ಯವಾಗಿ ಕೀವಲ್ಲ, ಗಾಯ ಮಾಯುವಾಗ ಕಟ್ಟುವ ಪೊರೆ. ಅದು ಉದುರುವ ಹೊತ್ತಿಗೆ, ಅಂದರೆ 5ರಿಂದ 10ನೇ ದಿನದೊಳಗೆ, ನೋವು ಮತ್ತೆ ಏರುವುದುಂಟು. ಕಿವಿಯೂ ನೋಯಬಹುದು, ಗಂಟಲಿಗೂ ಕಿವಿಗೂ ನರದ ನಂಟಿದೆ.

ನನಗೂ ಮೂವತ್ತು ದಾಟಿದ ಮೇಲೆ ಈ ಆಪರೇಷನ್ ಆಯಿತು. ಆರನೇ ದಿನ ಉಗುಳು ನುಂಗಲೂ ಭಯವಾಗಿ ನೀರು ಕುಡಿಯುವುದನ್ನೇ ಬಿಟ್ಟೆ. ಅದೇ ತಪ್ಪಾಯಿತು. ಗಂಟಲು ಒಣಗಿ ನೋವು ಇನ್ನೂ ಜಾಸ್ತಿಯಾಯಿತು. ಡಾಕ್ಟರ್ ಬರೆದ ನೋವಿನ ಮಾತ್ರೆಯನ್ನು ಹೊತ್ತು ತಪ್ಪಿಸದೆ ಕೊಡಿ. ಅರ್ಧ ಗಂಟೆ ಬಿಟ್ಟು ಊಟ ಕೊಟ್ಟರೆ ನುಂಗುವುದು ಸುಲಭ. ಆರಿದ ಅಕ್ಕಿ ಗಂಜಿ, ರಾಗಿ ಅಂಬಲಿ, ಎಳನೀರು, ಮೆತ್ತಗೆ ಕಿವುಚಿದ ಮೊಸರನ್ನ ಎಲ್ಲ ಆಗುತ್ತದೆ. ಖಾರ, ಹುಳಿ ಬೇಡ. ನೆಂಟರು ಎಷ್ಟೇ ಹೇಳಲಿ, ಮೆಣಸಿನ ಕಷಾಯವೂ ಈಗ ಬೇಡ. ಡಾಕ್ಟರನ್ನು ಕೇಳದೆ ಆಸ್ಪಿರಿನ್ ಕೊಡಲೇಬೇಡಿ.

ಸಕಲೇಶಪುರದ ತೋಟದ ಮನೆಗೆ ಕರೆದುಕೊಂಡು ಹೋಗಬಹುದಾ ಅಂದಿರಿ. ದಯವಿಟ್ಟು ಎರಡು ವಾರ ಹಾಸನದಲ್ಲೇ ಇರಿಸಿಕೊಳ್ಳಿ. ಪೊರೆ ಉದುರುವ ಈ ದಿನಗಳಲ್ಲೇ ರಕ್ತ ಬರುವ ಅಪಾಯ ಇರುವುದು. ರಾತ್ರಿ ಹೊತ್ತು ಅಲ್ಲಿಂದ ಸುಮಾರು 40 ಕಿಲೋಮೀಟರ್ ಬರಬೇಕು, ಅಲ್ವಾ? ಉಗುಳಿನಲ್ಲಿ ಕೆಂಪು ರಕ್ತ ಕಂಡರೆ, ಸ್ವಲ್ಪವೇ ಆಗಲಿ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ. ಜಾಸ್ತಿ ಬಂದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಮೂತ್ರ ತೀರಾ ಕಡಿಮೆಯಾದರೂ, ಜ್ವರ ಇಳಿಯದಿದ್ದರೂ ಅವತ್ತೇ ಡಾಕ್ಟರಿಗೆ ತಿಳಿಸಿ.