ಹುಬ್ಬಿನ ತುದಿಯ ಗಂಟಿಗೆ ಸಿ.ಟಿ. ಸ್ಕ್ಯಾನ್ ಯಾಕೆ?

ನಿಮ್ಮ ಅಣ್ಣನಿಗೆ ನಲವತ್ತು ದಾಟಿದೆ, ಹುಬ್ಬಿನ ಹೊರತುದಿಯಲ್ಲಿ ನೋವಿಲ್ಲದ ಗಂಟು ನಿಧಾನವಾಗಿ ಬೆಳೆಯುತ್ತಿದೆ, ಸಿ.ಟಿ. ಸ್ಕ್ಯಾನ್ ಸುಮ್ನೆ ಖರ್ಚಲ್ವಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ, ದಯವಿಟ್ಟು ಮಾಡಿಸಿ.

ಆ ಜಾಗದಲ್ಲಿ ಎರಡು ಮೂಳೆಗಳು ಕೂಡುತ್ತವೆ. ಮಗು ಹೊಟ್ಟೆಯಲ್ಲಿದ್ದಾಗಲೇ ಚರ್ಮದ ಚೂರು ಅಲ್ಲಿ ಸಿಕ್ಕಿಕೊಂಡರೆ ಡರ್ಮಾಯ್ಡ್ ಸಿಸ್ಟ್ ಅನ್ನುವ ಚೀಲದಂಥ ಗಂಟು ಆಗುತ್ತದೆ. ಮೇಲ್ಮೈಯಲ್ಲಿದ್ದರೆ ಚಿಕ್ಕ ವಯಸ್ಸಿನಲ್ಲೇ ಕಾಣುತ್ತದೆ. ಆಳದಲ್ಲಿದ್ದರೆ ದೊಡ್ಡವರಾದ ಮೇಲೆ ಗೊತ್ತಾಗುವುದುಂಟು. ಅಪರೂಪಕ್ಕೆ ಅದು ಮೂಳೆಯ ಸಂದಿನಿಂದ ಡಂಬೆಲ್ ಹಾಗೆ ಎರಡೂ ಕಡೆ ಹಬ್ಬಿರುತ್ತದೆ. ಅದಕ್ಕೇ ಊಟ ಅಗಿಯುವಾಗ ಕಣ್ಣು ಮುಂದೆ ಬಂದ ಹಾಗೆ ಆಗುತ್ತಾ, ಗಮನಿಸಿ. ಹಾಗೆ ಆಗುತ್ತಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಬೆರಳಿಗೆ ಸಿಗುವುದು ಗಂಟಿನ ಹೊರಭಾಗ ಮಾತ್ರ. ಒಳಗೆ ಎಲ್ಲಿಯವರೆಗೆ ಹೋಗಿದೆ, ಮೂಳೆ ಸವೆದಿದೆಯಾ ಅನ್ನುವುದು ಸಿ.ಟಿ.ಯಲ್ಲೇ ಗೊತ್ತಾಗುತ್ತದೆ. ಅದನ್ನು ನೋಡದೆ ಕತ್ತರಿ ಹಾಕಿದರೆ ಅರ್ಧ ಒಳಗೇ ಉಳಿದು ಮತ್ತೆ ಬೆಳೆಯಬಹುದು.

ಮೂಗಿನ ಕಡೆಯ ಮೂಲೆಯಲ್ಲಿದ್ದು ಹಳೇ ಸೈನಸ್ ತೊಂದರೆ ಇದ್ದಿದ್ದರೆ ಮ್ಯೂಕೋಸೀಲ್, ಅಂದರೆ ಸೈನಸ್‌ನಲ್ಲಿ ಸಿಂಬಳ ಕಟ್ಟಿಕೊಂಡು ಊದಿದ ಚೀಲ, ಇರಬಹುದು. ನೋವು, ಕೆಂಪು, ಕಣ್ಣು ಹೊರಳಿಸಲು ಕಷ್ಟ ಇದ್ದರೆ ನಮ್ಮ ದೇಶದಲ್ಲಿ ಲಾಡಿಹುಳುವಿನ ಮರಿ ಕಟ್ಟುವ ಚೀಲವನ್ನೂ ಯೋಚಿಸಬೇಕು. ಅದು ಹೆಚ್ಚಾಗಿ ಮಾತ್ರೆಯಲ್ಲೇ ಗುಣವಾಗುತ್ತದೆ.

ಗಂಟನ್ನು ಹಿಸುಕಬೇಡಿ, ಸೂಜಿ ಚುಚ್ಚಿಸಬೇಡಿ. ಡರ್ಮಾಯ್ಡ್ ಒಡೆದರೆ ಒಳಗೆ ಜೋರಾಗಿ ಊತ ಬರುತ್ತದೆ. ಕಣ್ಣಿನ ಗುಳಿಯ ಆಪರೇಷನ್ ಮಾಡುವ ಆಕ್ಯುಲೋಪ್ಲಾಸ್ಟಿ ಡಾಕ್ಟರನ್ನೇ ನೋಡಿ. ತೆಗೆದ ಗಂಟನ್ನು ಬಯಾಪ್ಸಿಗೆ ಕಳಿಸಲು ಹೇಳಿ. ದೃಷ್ಟಿ ಮಂಜಾದರೆ ಅಥವಾ ಒಂದು ವಸ್ತು ಎರಡಾಗಿ ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.